ನಾಯಿಮೋರೆಯ ಜನರನ್ನು ಕಾರ್ಪಿನಿ ಕಂಡಿದ್ದನೇ?

ಪ್ರಶ್ನೆ: ಮಂಗೋಲರ ನಾಡಿಗೆ ಮೊದಲು ಹೋದ ಯೂರೋಪಿಯನ್ ಅಂದರೆ ಮಾರ್ಕೊ ಪೋಲೊ ಅಂದುಕೊಂಡಿದ್ದೆ. ಅವನಿಗಿಂತ ಮುಂಚೆಯೇ ಕಾರ್ಪಿನಿ ಎಂಬ ಕ್ರೈಸ್ತ ಸನ್ಯಾಸಿ ಹೋಗಿ ಬಂದಿದ್ದ ಅಂತ ಈಚೆಗೆ ಗೊತ್ತಾಯಿತು. ಆದರೆ ಅವನ ಪುಸ್ತಕದಲ್ಲಿ ನಾಯಿಮೋರೆಯ ಗಂಡಸರು, ಒಂದೇ ಕಾಲಿನ ಮನುಷ್ಯರು ಎಲ್ಲ ಬರುತ್ತಾರಂತೆ. ಇಂಥದ್ದನ್ನು ಬರೆದವನು ನಿಜಕ್ಕೂ ಅಲ್ಲಿಗೆ ಹೋಗಿದ್ದನಾ? ಅವನ ಉಳಿದ ಮಾತನ್ನು ಎಷ್ಟು ನಂಬಬಹುದು?

ಉತ್ತರ: ಹೋಗಿದ್ದ. ಅದರಲ್ಲಿ ಅನುಮಾನವೇ ಬೇಡ. ಮಾರ್ಕೊ ಪೋಲೊ ವೆನಿಸ್ ಬಿಟ್ಟು ಹೊರಟದ್ದು 1271ರಲ್ಲಿ. ಅದಕ್ಕೆ 25 ವರ್ಷ ಮೊದಲೇ, 1246ರ ಬೇಸಿಗೆಯಲ್ಲಿ, ಜೊವಾನ್ನಿ ಕಾರ್ಪಿನಿ ಮಂಗೋಲಿಯಾದ ಹುಲ್ಲುಗಾವಲಿನಲ್ಲಿದ್ದ. ಅಲ್ಲಿಂದ ಅವನು ತಂದ ಕಾಗದ ಇವತ್ತಿಗೂ ವ್ಯಾಟಿಕನ್ನಿನಲ್ಲಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಒಂದು ಪದ ನನಗೆ ತುಂಬಾ ಇಷ್ಟವಾಯಿತು. ‘ಬರುತ್ತಾರಂತೆ’ ಎಂದು ಬರೆದಿದ್ದೀರಿ. ಪುಸ್ತಕವನ್ನು ನೀವೇ ಓದಿಲ್ಲ, ಬೇರೆಯವರು ಹೇಳಿದ್ದು ಅಂತ ಆ ಒಂದು ‘ಅಂತೆ’ಯಲ್ಲೇ ತಿಳಿಸಿಬಿಟ್ಟಿರಿ. ನಮ್ಮ ಭಾಷೆಯಲ್ಲಿ ಇದು ಎಷ್ಟು ಸಲೀಸು! ‘ಮಳೆ ಬಂತು’ ಅಂದರೆ ನಾನೇ ನೋಡಿದ್ದು. ‘ಮಳೆ ಬಂತಂತೆ’ ಅಂದರೆ ಯಾರೋ ಹೇಳಿದ್ದು. ಕಾರ್ಪಿನಿ ಬರೆದದ್ದು ಲ್ಯಾಟಿನ್ನಿನಲ್ಲಿ. ಅಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಸಲು ಇಂಥ ಪುಟ್ಟ ಪದ ಸಿಗುವುದಿಲ್ಲ. ಹಾಗಾಗಿ ಅವನು ಉದ್ದಕ್ಕೆ ಬರೆಯುತ್ತಾನೆ: ಖಾನನ ಆಸ್ಥಾನದಲ್ಲಿದ್ದ ರಷ್ಯದ ಪಾದ್ರಿಗಳು ಇದನ್ನು ಖಂಡಿತ ಅಂತ ಹೇಳಿ ನಮಗೆ ತಿಳಿಸಿದರು, ಎಂದು. ಓದುವ ಭರದಲ್ಲಿ ಆ ಮಾತು ಕಣ್ತಪ್ಪಿ ಹೋಗುತ್ತದೆ. ನಾನು ಈ ಪುಸ್ತಕಗಳನ್ನು ಓದುವಾಗ ಅಂಥ ಜಾಗ ಬಂದಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಅಂತೆ’ ಅಂತ ಬರೆದುಕೊಳ್ಳುತ್ತೇನೆ. ಹಾಗೆ ಗುರುತು ಹಾಕುತ್ತಾ ಹೋದರೆ ಪುಸ್ತಕ ಬೇರೆಯೇ ರೂಪ ತಾಳುತ್ತದೆ. ನಾಯಿಮೋರೆಯವರು, ಒಂಟಿಕಾಲಿನವರು, ಮಾಂಸ ಬೇಯುವಾಗ ಏಳುವ ಹಬೆಯನ್ನೇ ಕುಡಿದು ಬದುಕುವವರು, ಎಲ್ಲರೂ ‘ಅಂತೆ’ಯ ಕಡೆಗೆ ಹೋಗಿ ನಿಲ್ಲುತ್ತಾರೆ. ಈ ಕಡೆ ಉಳಿಯುವುದು ಬಾಣದ ಅಳತೆ, ಗುಡಾರದ ಬಣ್ಣ, ಹಸಿವು, ಚಳಿ.

ಅವನು ಯಾಕೆ ಹೋದ ಅನ್ನುವುದನ್ನು ಸ್ವಲ್ಪ ಹೇಳಬೇಕು. 1241ರಲ್ಲಿ ಮಂಗೋಲರು ಪೋಲೆಂಡಿಗೂ ಹಂಗೇರಿಗೂ ಒಟ್ಟೊಟ್ಟಿಗೇ ನುಗ್ಗಿದ್ದರು. ಏಪ್ರಿಲ್ 9ನೇ ತಾರೀಖು ಪೋಲೆಂಡಿನ ಲೆಗ್ನಿತ್ಸಾದಲ್ಲಿ ಒಂದು ಸೈನ್ಯ ಮಣ್ಣುಗೂಡಿತು. ಎರಡು ದಿನ ಬಿಟ್ಟು ಮೊಹಿ ಎಂಬಲ್ಲಿ ಹಂಗೇರಿಯ ದೊರೆಯ ದೊಡ್ಡ ಸೈನ್ಯ ನಾಶವಾಯಿತು. ಮರುವರ್ಷ ಬಂದವರು ಬಂದ ಹಾಗೇ ವಾಪಸ್ ಹೊರಟುಹೋದರು. ಯಾಕೆ ಬಂದರು, ಯಾಕೆ ಹೋದರು, ಮತ್ತೆ ಯಾವಾಗ ಬರುತ್ತಾರೆ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಹೆದರಿಕೆಯೇ ಕಥೆ ಕಟ್ಟುತ್ತದೆ. ಮಂಗೋಲರನ್ನು ಕರೆಯುತ್ತಿದ್ದ ತಾತಾರ್ ಎಂಬ ಹೆಸರಿಗೆ ಒಂದು ‘ರ್’ ಸೇರಿಸಿ ‘ತಾರ್ತಾರ್’ ಮಾಡಿದರು. ಲ್ಯಾಟಿನ್ನಿನಲ್ಲಿ ತಾರ್ತರಸ್ ಅಂದರೆ ಪಾತಾಳದ ನರಕ. ನರಕದಿಂದ ಎದ್ದು ಬಂದವರು ಅಂತ ಅರ್ಥ. ಇಂಗ್ಲೆಂಡಿನ ಮಠದಲ್ಲಿ ಕೂತು ಚರಿತ್ರೆ ಬರೆಯುತ್ತಿದ್ದ ಮ್ಯಾಥ್ಯೂ ಪ್ಯಾರಿಸ್ ಅವರನ್ನು ನರಮಾಂಸ ತಿನ್ನುವವರು ಎಂದ. ಅವನು ಒಬ್ಬ ಮಂಗೋಲನನ್ನೂ ಕಂಡವನಲ್ಲ. ಆದರೆ ಅವನೇ ಬರೆದ ಇನ್ನೊಂದು ಸಂಗತಿ ನೋಡಿ. 1238ರಲ್ಲಿ ಯಾರ್ಮತ್ ಬಂದರಿನಲ್ಲಿ ಹೆರಿಂಗ್ ಮೀನಿನ ಬೆಲೆ ಕುಸಿದುಬಿತ್ತು. ಪ್ರತಿವರ್ಷ ಮೀನು ಕೊಳ್ಳಲು ಬರುತ್ತಿದ್ದ ಗಾಟ್‌ಲೆಂಡ್ ಮತ್ತು ಫ್ರೀಸ್‌ಲೆಂಡಿನವರು ಮಂಗೋಲರ ಭಯಕ್ಕೆ ಆ ವರ್ಷ ಊರು ಬಿಟ್ಟು ಕದಲಲಿಲ್ಲ. ನರಮಾಂಸದ ಕಥೆ ಕಿವಿಯಿಂದ ಬಂದದ್ದು. ಮೀನಿನ ಬೆಲೆ ಅವನ ದೇಶದ ಸಂತೆಯಿಂದ ಬಂದದ್ದು. ಒಬ್ಬನೇ ಲೇಖಕ, ಎರಡು ಬಗೆಯ ಮಾತು. ಮೀನಿನ ಬೆಲೆಯನ್ನು ನಾನು ನಂಬುತ್ತೇನೆ.

ಈ ಹೊತ್ತಿನಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಕಾರ್ಪಿನಿಯನ್ನು ಕಳಿಸಿದ. 1245ರ ಏಪ್ರಿಲ್ 16, ಈಸ್ಟರ್ ದಿನ, ಫ್ರಾನ್ಸಿನ ಲಿಯೋನ್‌ನಿಂದ ಹೊರಟಾಗ ಕಾರ್ಪಿನಿಗೆ 60 ದಾಟಿತ್ತು. ದಪ್ಪ ಮೈಯ ಮನುಷ್ಯ. ಅಸ್ಸೀಸಿಯ ಸಂತ ಫ್ರಾನ್ಸಿಸ್‌ನ ಜೊತೆಗಿದ್ದವನು. ದಾರಿಯಲ್ಲಿ ಬೆನೆಡಿಕ್ಟ್ ಎಂಬ ಪೋಲೆಂಡಿನ ಸನ್ಯಾಸಿ ಜೊತೆಯಾದ. ಕೀವ್ ಊರು ಐದೇ ವರ್ಷದ ಹಿಂದೆ ಮಂಗೋಲರ ಕೈಗೆ ಸಿಕ್ಕಿ ಹಾಳಾಗಿತ್ತು. ದೊಡ್ಡ ಪಟ್ಟಣವಾಗಿದ್ದ ಆ ಊರಲ್ಲಿ ಉಳಿದಿರುವುದು ಹೆಚ್ಚೆಂದರೆ 200 ಮನೆ ಅಂತ ಬರೆಯುತ್ತಾನೆ. ಆ ನಾಡಿನ ಬಯಲಿನಲ್ಲಿ ಬಿದ್ದಿದ್ದ ತಲೆಬುರುಡೆ, ಮೂಳೆಗಳನ್ನೂ ಕಣ್ಣಾರೆ ಕಂಡ. ಅಲ್ಲಿಯವರು ಅವನಿಗೊಂದು ಬುದ್ಧಿ ಹೇಳಿದರು: ನಿನ್ನ ಕುದುರೆ ಇಲ್ಲೇ ಬಿಟ್ಟು ಹೋಗು. ಮಂಗೋಲರ ಕುದುರೆ ಹಿಮವನ್ನು ಗೊರಸಿನಿಂದ ಕೆದಕಿ ಅಡಿಯ ಹುಲ್ಲು ಮೇಯುತ್ತದೆ. ನಿನ್ನ ಕುದುರೆಗೆ ಅದು ಬಾರದು, ಸತ್ತೇ ಹೋಗುತ್ತದೆ. ಆ ಕಡೆ ಒಣಹುಲ್ಲು ಸಿಗುವುದೇ ಇಲ್ಲ.

ವೋಲ್ಗಾ ನದಿಯ ಹತ್ತಿರ ಪಶ್ಚಿಮದ ಮಂಗೋಲರ ದೊರೆ ಬಾತು ಖಾನನ ಬೀಡು. ಅಲ್ಲಿಂದ 1246ರ ಏಪ್ರಿಲ್ 8ರಂದು ಮುಂದಕ್ಕೆ ಹೊರಟರು. ಸವಾರಿಯ ಕುಲುಕಾಟ ತಡೆಯಲು ಕೈಕಾಲಿಗೆಲ್ಲ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದರು. ಕೆಲವು ದಿನ ಐದು, ಏಳು ಸಲ ಕುದುರೆ ಬದಲಾಯಿಸಿ ಓಡಿಸಿದ್ದೂ ಉಂಟು. ಕ್ರೈಸ್ತರ ಉಪವಾಸದ ದಿನಗಳಲ್ಲಿ ಅವರ ಊಟ ಸಿರಿಧಾನ್ಯಕ್ಕೆ ನೀರು ಮತ್ತು ಉಪ್ಪು ಹಾಕಿದ ಗಂಜಿ, ಅಷ್ಟೇ. ಕುಡಿಯಲು ಹಂಡೆಯಲ್ಲಿ ಕರಗಿಸಿದ ಹಿಮ. ಮೂರೂವರೆ ತಿಂಗಳು ಹೀಗೆ ಸಾಗಿ ಜುಲೈ 22ಕ್ಕೆ ಮಂಗೋಲರ ರಾಜಧಾನಿ ಕಾರಕೋರಂ ಹತ್ತಿರದ ರಾಜಬೀಡು ತಲುಪಿದರು. ಆಗಸ್ಟ್ 24ರಂದು ಚೆಂಗೀಸ್ ಖಾನನ ಮೊಮ್ಮಗ ಗುಯುಕ್ ಪಟ್ಟಕ್ಕೇರಿದ್ದನ್ನು ಕಾರ್ಪಿನಿ ಅಲ್ಲೇ ನಿಂತು ನೋಡಿದ. ಎರಡು ಸಾವಿರಕ್ಕೂ ಹೆಚ್ಚು ಜನ ಹಿಡಿಸುವಂಥ ಬಿಳಿಯ ಡೇರೆ. ನಾಲ್ಕು ಸಾವಿರಕ್ಕೂ ಹೆಚ್ಚು ರಾಯಭಾರಿಗಳು. ಗುಯುಕ್‌ಗೆ ನಲವತ್ತು, ನಲವತ್ತೈದು ಇರಬಹುದು, ನಡುವಿನ ಎತ್ತರ, ತುಂಬಾ ಗಂಭೀರ ಎನ್ನುತ್ತಾನೆ. ಅವನು ನಕ್ಕದ್ದನ್ನು ಯಾರೂ ಕಂಡಿಲ್ಲವಂತೆ. ಇಲ್ಲಿ ಒಂದು ‘ಅಂತೆ’ ಹಾಕಿದ್ದೇನೆ, ಗಮನಿಸಿ. ಆ ಮಾತನ್ನು ಕಾರ್ಪಿನಿಗೆ ಹೇಳಿದವರು ಖಾನನ ಮನೆಯಲ್ಲೇ ಇದ್ದ ಕ್ರೈಸ್ತರು.

ಈಗ ಬಾಣದ ಮಾತು. ಕಾರ್ಪಿನಿಯ ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು ಇದೇ. ಮಂಗೋಲರ ಬಾಣದ ಉದ್ದ ಎರಡು ಅಡಿ, ಒಂದು ಅಂಗೈ, ಎರಡು ಬೆರಳು ಎಂದು ಬರೆಯುತ್ತಾನೆ. ಬರೆದು ಅಷ್ಟಕ್ಕೇ ಬಿಡುವುದಿಲ್ಲ. ಅಡಿಯ ಅಳತೆ ಊರಿಂದೂರಿಗೆ ಬೇರೆ ಬೇರೆ ಇರುತ್ತದಲ್ಲ, ಅದಕ್ಕೆ ನನ್ನ ಅಡಿ ಯಾವುದು ಅಂತ ಹೇಳುತ್ತೇನೆ ಎನ್ನುತ್ತಾನೆ. 12 ಜವೆಗೋಧಿ ಕಾಳು ಸೇರಿದರೆ ಒಂದು ಹೆಬ್ಬೆರಳಿನ ಅಗಲ. ಅಂಥ 16 ಹೆಬ್ಬೆರಳು ಸೇರಿದರೆ ಒಂದು ಅಡಿ. ಶತ್ರುವಿನ ಬೀಡಿನಲ್ಲಿ ಕೂತು, ಹಸಿದ ಹೊಟ್ಟೆಯಲ್ಲಿ, ಬಾಣವನ್ನು ಕೈಯಲ್ಲಿ ಹಿಡಿದು ನೋಡಿದ ಮನುಷ್ಯನ ಮಾತು ಇದು. ಇಂಥವನು ಸುಮ್ನೆ ಕಥೆ ಕಟ್ಟುವವನಲ್ಲ.

ಯುದ್ಧದ ವಿಷಯದಲ್ಲೂ ಅವನು ಹೀಗೇ. ಮಂಗೋಲರ ಸೈನ್ಯ ಹತ್ತರ ಲೆಕ್ಕದಲ್ಲಿ ಕಟ್ಟಿದ್ದು: ಹತ್ತು, ನೂರು, ಸಾವಿರ, ಹತ್ತು ಸಾವಿರ. ಹತ್ತು ಜನರಲ್ಲಿ ಒಬ್ಬನೋ ಇಬ್ಬರೋ ಓಡಿಹೋದರೆ ಹತ್ತೂ ಜನರ ತಲೆ ಹೋಗುತ್ತದೆ. ಹೊಳೆ ದಾಟುವಾಗ ಗುಂಡನೆಯ ತೊಗಲಿನ ಚೀಲದೊಳಗೆ ಬಟ್ಟೆ, ಆಯುಧ ತುಂಬಿ ದಾರದಿಂದ ಬಾಯಿ ಬಿಗಿದು ತೇಲಿಬಿಟ್ಟು, ಅದನ್ನು ಕುದುರೆಯ ಬಾಲಕ್ಕೆ ಕಟ್ಟುತ್ತಾರೆ. ತಮ್ಮ ಸೈನ್ಯ ದೊಡ್ಡದು ಅಂತ ತೋರಿಸಲು ಕುದುರೆ ಮೇಲೆ ಬೊಂಬೆ ಕೂರಿಸುತ್ತಾರೆ. ಅವರು ಹೆದರಿ ಓಡುವಂತೆ ಕಂಡರೆ ಬೆನ್ನು ಹತ್ತಬೇಡಿ, ಅದು ಬಲೆ ಎಂದು ತನ್ನವರಿಗೆ ಎಚ್ಚರಿಕೆ ಕೊಡುತ್ತಾನೆ. ಅದೇ ಪುಸ್ತಕದಲ್ಲಿ ಮಂಗೋಲರನ್ನು ಹೊಗಳಿಯೂ ಇದ್ದಾನೆ. ತಮ್ಮ ತಮ್ಮಲ್ಲಿ ಜಗಳ ಕಡಿಮೆ, ಕಳ್ಳತನ ಇಲ್ಲ, ಗಾಡಿಗಳಿಗೆ ಬೀಗ ಹಾಕುವುದಿಲ್ಲ ಎಂದು ಬರೆದಿದ್ದಾನೆ. ಬೇಹುಗಾರಿಕೆಗೂ ಹೋದವನು ಶತ್ರುವಿನ ಒಳ್ಳೆಯ ಗುಣವನ್ನು ಬರೆದಿಟ್ಟ ಅಂದರೆ ಅವನ ಕಣ್ಣನ್ನು ನಾನು ಗೌರವಿಸುತ್ತೇನೆ.

ಹಾಗಿದ್ದರೆ ನಾಯಿಮೋರೆಯವರನ್ನು ಯಾಕೆ ಸೇರಿಸಿದ? ಕಥೆ ಹೀಗಿದೆ. ಮಂಗೋಲರ ಸೈನ್ಯ ಒಂದು ನಾಡಿಗೆ ಹೋಯಿತಂತೆ. ಅಲ್ಲಿ ಹೆಂಗಸರು ನಮ್ಮ ಹಾಗೇ, ಗಂಡಸರು ಮಾತ್ರ ನಾಯಿಗಳ ಹಾಗೆ. ಕಡುಚಳಿಯಲ್ಲಿ ಆ ನಾಯಿಗಳು ನೀರಿಗೆ ಹಾರಿ, ಎದ್ದು ಬಂದು ಮಣ್ಣಿನಲ್ಲಿ ಹೊರಳಿದವಂತೆ. ಮೈಮೇಲೆ ನೀರೂ ಮಣ್ಣೂ ಹೆಪ್ಪುಗಟ್ಟಿ ಕವಚವಾಯಿತಂತೆ. ಬಾಣ ಬಿಟ್ಟರೆ ಕಲ್ಲಿಗೆ ತಾಗಿದ ಹಾಗೆ ಪುಟಿದು ವಾಪಸ್ ಬಂತಂತೆ. ಇಂಥ ಜನರ ಕಥೆ ಯೂರೋಪಿನಲ್ಲಿ ಗ್ರೀಕರ ಕಾಲದಿಂದಲೂ ಇತ್ತು. ಲೋಕದ ಅಂಚಿನಲ್ಲಿ ಅಂಥವರಿದ್ದಾರೆ ಅಂತ ಓದಿದವರೇ ನಂಬಿದ್ದರು. ಕಾರ್ಪಿನಿ ಆ ಪುಸ್ತಕಗಳನ್ನು ತಲೆಯಲ್ಲಿಟ್ಟುಕೊಂಡೇ ಹೋಗಿದ್ದ. ಅಲ್ಲಿ ತನ್ನ ಧರ್ಮದ ಪಾದ್ರಿಗಳೇ ಅದನ್ನು ಖಂಡಿತ ಅಂದಾಗ ಬರೆದುಕೊಂಡ. ಆದರೆ ಯಾರು ಹೇಳಿದರು ಅನ್ನುವುದನ್ನು ಬಿಡಲಿಲ್ಲ. ಅವನ ಪ್ರಾಮಾಣಿಕತೆ ಅಲ್ಲಿದೆ. ನಿಮ್ಮ ಕಡೆ ಯಾರಿಗೂ ಗೊತ್ತಿಲ್ಲದ್ದನ್ನು ಬರೆದೆವು ಅಂತ ನಮ್ಮನ್ನು ಸುಳ್ಳುಗಾರರು ಅನ್ನಬೇಡಿ, ನಾವು ಕಂಡದ್ದನ್ನೂ ನಂಬಬಹುದಾದವರಿಂದ ಕೇಳಿದ್ದನ್ನೂ ಬರೆದಿದ್ದೇವೆ ಎಂದು ಮುನ್ನುಡಿಯಲ್ಲೇ ಕೇಳಿಕೊಳ್ಳುತ್ತಾನೆ. ಕೊನೆಯಲ್ಲಿ ತನ್ನನ್ನು ಆ ದಾರಿಯಲ್ಲಿ ಕಂಡ ವ್ಯಾಪಾರಿಗಳ ಹೆಸರನ್ನೂ ಸಾಕ್ಷಿಗೆ ಕೊಡುತ್ತಾನೆ.

ಆ ಕಾಗದದ ವಿಷಯ ಹೇಳುತ್ತೇನೆ ಅಂದಿದ್ದೆ. ಗುಯುಕ್ ಖಾನ್ ಪೋಪನಿಗೆ ಕೊಟ್ಟ ಉತ್ತರ ಅದು. 1246ರ ನವೆಂಬರ್ 11ರಂದು ಖಾನನ ಮೂವರು ದೊಡ್ಡ ಅಧಿಕಾರಿಗಳು ಕಾಗದದ ಮಾತನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಸನ್ಯಾಸಿಗಳು ಲ್ಯಾಟಿನ್ನಿನಲ್ಲಿ ಬರೆದುಕೊಂಡರು. ಒಂದು ಪದವೂ ತಪ್ಪಬಾರದು ಅಂತ ಮತ್ತೆ ಓದಿಸಿದರು, ಮತ್ತೂ ಓದಿಸಿದರು. ಅಷ್ಟು ದೂರ ಹೋಗುವವರು ನೀವು, ಎಲ್ಲವನ್ನೂ ಸರಿಯಾಗಿ ತಿಳಿದುಕೊಳ್ಳಿ ಎಂದರು. ಪರ್ಷಿಯನ್ ಭಾಷೆಯಲ್ಲೂ ಒಂದು ಪ್ರತಿ ಕೊಟ್ಟರು. ಪೋಪನೂ ದೊರೆಗಳೂ ಖುದ್ದಾಗಿ ಬಂದು ತನಗೆ ತಲೆಬಾಗಬೇಕು ಎನ್ನುವುದು ಅದರ ಸಾರ. ಸೂರ್ಯ ಹುಟ್ಟುವಲ್ಲಿಂದ ಮುಳುಗುವ ತನಕ ನೆಲವೆಲ್ಲ ನಮ್ಮದಾಗಿದೆ, ದೇವರ ಅಪ್ಪಣೆ ಇಲ್ಲದೆ ಇದು ಹೇಗೆ ಸಾಧ್ಯ ಎಂದೂ ಕೇಳಿದ್ದಾನೆ.

ಶತಮಾನಗಳವರೆಗೆ ನಮ್ಮ ಕೈಯಲ್ಲಿದ್ದದ್ದು ಲ್ಯಾಟಿನ್ ಅನುವಾದ ಮಾತ್ರ. 1920ರಲ್ಲಿ ವ್ಯಾಟಿಕನ್ನಿನ ಹಳೆಯ ದಾಖಲೆಗಳ ನಡುವೆ ಮೂಲ ಪರ್ಷಿಯನ್ ಕಾಗದವೇ ಸಿಕ್ಕಿತು. ಫ್ರೆಂಚ್ ವಿದ್ವಾಂಸ ಪೌಲ್ ಪೆಲಿಯೊ ಅದನ್ನು ಓದಿ ಪ್ರಕಟಿಸಿದ. ಸನ್ಯಾಸಿಗಳ ಅನುವಾದದ ಸಾರ ಮೂಲದ ಜೊತೆ ಹೊಂದಿತು. 674 ವರ್ಷ ಕಳೆದ ಮೇಲೆ ಕಾರ್ಪಿನಿ ಪರೀಕ್ಷೆಯಲ್ಲಿ ಪಾಸಾದ. ಇನ್ನೂ ಒಂದು ವಿಷಯ ಇದೆ. ಆ ಕಾಗದದ ಮೇಲೆ ಖಾನನ ಕೆಂಪು ಮುದ್ರೆ ಇದೆ. ಬೀಡಿನಲ್ಲಿ ಹಸಿವಿನಿಂದ ಸಾಯುವ ಹಾಗಾಗಿದ್ದ ತನಗೆ ಊಟ ಕೊಟ್ಟು ಕಾಪಾಡಿದವನು ಕೋಸ್ಮಾ ಎಂಬ ರಷ್ಯದ ಅಕ್ಕಸಾಲಿಗ, ಖಾನನ ಸಿಂಹಾಸನವನ್ನೂ ಮುದ್ರೆಯನ್ನೂ ಮಾಡಿದವನು ಅವನೇ, ನನಗೆ ತೋರಿಸಿಯೂ ಇದ್ದ ಅಂತ ಕಾರ್ಪಿನಿ ಬರೆದಿದ್ದಾನೆ. ಸಿಂಹಾಸನ ಎಲ್ಲಿ ಹೋಯಿತೋ. ಮುದ್ರೆಯ ಗುರುತು ಉಳಿದಿದೆ.

ಕಾರ್ಪಿನಿ ಸರಿ, ಆದರೆ ನನ್ನ ಮನಸ್ಸು ಗೆದ್ದವನು ಅವನ ನಂತರ ಹೋದ ವಿಲಿಯಂ ರುಬ್ರುಕ್. ಫ್ಲಾಂಡರ್ಸ್ ಕಡೆಯ ಫ್ರಾನ್ಸಿಸ್ಕನ್ ಸನ್ಯಾಸಿ. 1253ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲ್ ಬಿಟ್ಟು ಹೊರಟ. ಡಿಸೆಂಬರ್ ಕೊನೆಗೆ, ಗುಯುಕ್‌ನ ನಂತರ ಪಟ್ಟಕ್ಕೇರಿದ್ದ ಮೋಂಕೆ ಖಾನನ ಬೀಡು ತಲುಪಿದ. 1255ರ ಆಗಸ್ಟ್‌ನಲ್ಲಿ ಸಿರಿಯಾ ಕರಾವಳಿಯ ಟ್ರಿಪೋಲಿಗೆ ಬಂದ. ಕಂಡದ್ದನ್ನೆಲ್ಲ ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಗೆ ಉದ್ದನೆಯ ಪತ್ರವಾಗಿ ಬರೆದ. ಮಂಗೋಲರ ನಡುವೆ ಕಾಲಿಟ್ಟಾಗ ಬೇರೆಯೇ ಲೋಕಕ್ಕೆ ಬಂದಂತೆ ಅನ್ನಿಸಿತು ಎನ್ನುತ್ತಾನೆ. ಆದರೂ ಕಣ್ಣು ಮಂಕಾಗಲು ಬಿಡಲಿಲ್ಲ. ಮನೆ ಹೊತ್ತು ಸಾಗುವ ಗಾಡಿ ಕಂಡರೆ ಹೋಗಿ ಅಳೆದ. ಚಕ್ರದ ಎರಡು ಜಾಡುಗಳ ನಡುವೆ 20 ಅಡಿ. ಮೇಲಿನ ಗುಡಾರ ಎರಡೂ ಪಕ್ಕಕ್ಕೆ ಐದೈದು ಅಡಿ ಚಾಚಿಕೊಂಡಿತ್ತು. ಎಳೆಯುವ ಎತ್ತು ಎಣಿಸಿದರೆ 22, ಹನ್ನೊಂದರ ಎರಡು ಸಾಲು. ಅಚ್ಚು ಹಡಗಿನ ಪಟಸ್ತಂಭದಷ್ಟು ದಪ್ಪ. ಒಂದರ ಹಿಂದೆ ಒಂದು ಕಟ್ಟಿದ 20, 30 ಗಾಡಿಗಳನ್ನು ಒಬ್ಬಳೇ ಹೆಂಗಸು ಮುಂದೆ ಕೂತು ನಡೆಸುತ್ತಿದ್ದಳು. ನನಗೆ ಚಿತ್ರ ಬರೆಯಲು ಬಂದಿದ್ದರೆ ಎಲ್ಲವನ್ನೂ ಬರೆದು ಕಳಿಸುತ್ತಿದ್ದೆ ಅಂತ ದೊರೆಗೆ ಹೇಳಿಕೊಳ್ಳುತ್ತಾನೆ.

ಕುಮಿಸ್ ಅಂದರೆ ಹುಳಿ ಬರಿಸಿದ ಕುದುರೆ ಹಾಲು. ಅದನ್ನು ಮಾಡುವುದನ್ನು ನಮ್ಮ ಹಳ್ಳಿ ಅಜ್ಜಿ ಮಜ್ಜಿಗೆ ಕಡೆಯುವುದನ್ನು ಬರೆದಷ್ಟು ಹತ್ತಿರದಿಂದ ಬರೆದಿದ್ದಾನೆ. ಎರಡು ಗೂಟಗಳ ನಡುವೆ ಉದ್ದ ಹಗ್ಗ ಕಟ್ಟಿ ಮರಿಗಳನ್ನು ಅದಕ್ಕೆ ಕಟ್ಟುತ್ತಾರೆ. ತಾಯಿ ಕುದುರೆಗಳು ಮರಿಯ ಪಕ್ಕ ಸುಮ್ಮನೆ ನಿಂತು ಹಾಲು ಕೊಡುತ್ತವೆ. ಹಾಲನ್ನು ದೊಡ್ಡ ತೊಗಲಿನ ಚೀಲಕ್ಕೆ ಸುರಿದು, ಬುಡ ಮನುಷ್ಯನ ತಲೆಯಷ್ಟು ದಪ್ಪಗಿರುವ ಟೊಳ್ಳು ಕೋಲಿನಿಂದ ಬಡಿದು ಕಡೆಯುತ್ತಾರೆ. ನೊರೆ ಏಳುತ್ತದೆ, ಹುಳಿ ಬರುತ್ತದೆ, ಬೆಣ್ಣೆ ಬಿಡುತ್ತದೆ. ಕುಡಿದರೆ ನಾಲಿಗೆ ಚುರುಗುಟ್ಟುತ್ತದೆ, ಕುಡಿದ ಮೇಲೆ ಬಾದಾಮಿ ಹಾಲಿನ ರುಚಿ ಉಳಿಯುತ್ತದೆ. ಮೊದಲ ಸಲ ಕುಡಿದಾಗ ಗಾಬರಿಗೆ ಮೈಯೆಲ್ಲ ಬೆವೆತುಹೋಯಿತು, ಆದರೂ ರುಚಿ ಹಿಡಿಸಿತು ಎಂದಿದ್ದಾನೆ. ಇದಕ್ಕೆ ‘ಅಂತೆ’ ಹಾಕಲು ಜಾಗವೇ ಇಲ್ಲ.

ನಿಮ್ಮ ನಾಯಿಮೋರೆಯವರಿಗೆ ನೇರ ಉತ್ತರ ಇರುವುದೂ ರುಬ್ರುಕ್‌ನಲ್ಲೇ. ಹಳೆಯ ಪುಸ್ತಕಗಳು ಹೇಳುವ ವಿಚಿತ್ರ ಮನುಷ್ಯರ ಬಗ್ಗೆ ಅವನು ಅಲ್ಲಿಯವರನ್ನೇ ಕೇಳಿದ. ಅಂಥವರನ್ನು ನಾವು ಎಂದೂ ನೋಡಿಲ್ಲ ಅಂದರು. ಹಾಗಾದರೆ ಅದು ನಿಜವಾ ಅಂತ ನನಗೆ ಬಹಳ ಆಶ್ಚರ್ಯವಾಗುತ್ತದೆ ಎಂದು ಬರೆದ. ಅಷ್ಟೇ ಮಾತು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಕ್ಯಾಸ್ಪಿಯನ್ ಸಮುದ್ರದ ವಿಷಯದಲ್ಲೂ ಹೀಗೇ ಮಾಡಿದ. ಅದು ಮಹಾಸಾಗರದ ಒಂದು ಕೊಲ್ಲಿ ಎಂದು ಸೆವಿಲ್‌ನ ಇಸಿಡೋರ್ ಬರೆದಿದ್ದ. ಇಸಿಡೋರ್ ಅಂದರೆ ಓದಿದವರಿಗೆಲ್ಲ ವೇದವಾಕ್ಯ. ಹೋಗುವಾಗ ನಾನು ಉತ್ತರದ ದಡದಲ್ಲಿ ಹೋದೆ, ಪಶ್ಚಿಮದ ದಡದಲ್ಲಿ ವಾಪಸ್ ಬಂದೆ, ಉಳಿದ ಎರಡು ಕಡೆ ನನಗಿಂತ ಮೊದಲು ಹೋಗಿದ್ದ ಸನ್ಯಾಸಿ ಆಂಡ್ರೂ ಸುತ್ತಿ ಬಂದಿದ್ದಾನೆ, ಎಲ್ಲೂ ಸಾಗರಕ್ಕೆ ಸೇರುವುದಿಲ್ಲ, ಇಸಿಡೋರ್ ಹೇಳಿದ್ದು ಸರಿಯಲ್ಲ ಎಂದು ರುಬ್ರುಕ್ ಬರೆದ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಅವನು ತಾನು ಕಾಣದ ಎರಡು ದಡಕ್ಕೆ ಕಂಡವನ ಸಾಕ್ಷಿ ತಂದ.

ಇಬ್ಬರೂ ಬರೆದದ್ದನ್ನು ಪಕ್ಕಪಕ್ಕ ಇಟ್ಟು ನೋಡುವುದು ಇನ್ನೊಂದು ದಾರಿ. ದೊರೆಯ ಡೇರೆಯ ಹೊಸ್ತಿಲು ತುಳಿದರೆ ಸಾವಿನ ಶಿಕ್ಷೆ ಎಂದು ಕಾರ್ಪಿನಿ ಬರೆದಿದ್ದ. ಹೊಸ್ತಿಲು ತುಳಿಯಬೇಡ ಅಂತ ಬೈಸಿಕೊಂಡು ಬೆಳೆದ ನಮಗೆ ಅರ್ಧ ಅರ್ಥವಾಗುತ್ತದೆ, ಆದರೆ ಸಾವು? ರುಬ್ರುಕ್‌ನ ಜೊತೆಗಾರ ಬಾರ್ತಲೋಮಿಯೊ ಮೋಂಕೆ ಖಾನನಿಗೆ ಬಾಗಿ ನಮಸ್ಕರಿಸಿ ಹೊರಡುವಾಗ ಹೊಸ್ತಿಲಿಗೆ ಎಡವಿದ. ಕಾವಲಿನವರು ಅಲ್ಲೇ ಹಿಡಿದು ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿದರು. ನಮಗೆ ಯಾರೂ ಎಚ್ಚರಿಕೆ ಹೇಳಿರಲಿಲ್ಲ ಎಂದು ರುಬ್ರುಕ್ ಕೇಳಿಕೊಂಡ ಮೇಲೆ ಜೀವ ಉಳಿಯಿತು. ಆಮೇಲೆ ಖಾನನ ಯಾವ ಡೇರೆಯೊಳಕ್ಕೂ ಅವನನ್ನು ಬಿಡಲಿಲ್ಲ. ಶ್ರೀಮಂತ ಹೆಂಗಸರು ತಲೆಗೆ ಇಡುತ್ತಿದ್ದ, ಮರದ ತೊಗಟೆಯಿಂದ ಕಟ್ಟಿ ಬಟ್ಟೆ ಹೊದಿಸಿದ ಎತ್ತರದ ಟೋಪಿಯನ್ನೂ ಇಬ್ಬರೂ ವರ್ಣಿಸಿದ್ದಾರೆ. ಕುಬ್ಲೈ ಖಾನನ ರಾಣಿ ಚಾಬಿಯ ಹಳೆಯ ಚಿತ್ರ ತೈಪೆಯ ವಸ್ತುಸಂಗ್ರಹಾಲಯದಲ್ಲಿದೆ. ತಲೆಯ ಮೇಲೆ ಅದೇ ಟೋಪಿ.

ರುಬ್ರುಕ್‌ನ ಕಣ್ಣಿಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಕಿವಿಗೆ. ಅವನ ದುಭಾಷಿ ಏನೂ ಬಾರದವನು. ಧರ್ಮದ ಮಾತು ಶುರುವಾದರೆ ನನ್ನಿಂದ ಇಂಥ ಮಾತು ಹೇಳಿಸಬೇಡಿ, ನನಗೆ ಗೊತ್ತಿಲ್ಲ ಅನ್ನುತ್ತಿದ್ದ. ಭಾಷೆ ತುಸು ಕಲಿತ ಮೇಲೆ ರುಬ್ರುಕ್‌ಗೆ ಇನ್ನೂ ಕೆಟ್ಟದ್ದು ಗೊತ್ತಾಯಿತು. ಇವನು ಒಂದು ಹೇಳಿದರೆ ಅವನು ಇನ್ನೊಂದು ಹೇಳುತ್ತಿದ್ದ. ಅದು ಅಪಾಯ ಅಂತ ತಿಳಿದು ಸುಮ್ಮನಿರುವುದೇ ಮೇಲು ಅಂದುಕೊಂಡ. 1254ರ ಜನವರಿಯಲ್ಲಿ ಮೋಂಕೆ ಖಾನನ ಮೊದಲ ಭೇಟಿ. ದ್ರಾಕ್ಷಿ ಮದ್ಯ, ಅಕ್ಕಿಯ ಮದ್ಯ, ಕುಮಿಸ್, ಜೇನಿನ ಪಾನೀಯ, ಯಾವುದು ಬೇಕು ಅಂತ ಕೇಳಿದರು. ಸನ್ಯಾಸಿಗಳು ಅಕ್ಕಿಯದ್ದನ್ನು ಮರ್ಯಾದೆಗೆ ಅಂತ ತುಟಿಗೆ ತಾಗಿಸಿದರು. ದುಭಾಷಿ ಬಡಿಸುವವರ ಪಕ್ಕದಲ್ಲೇ ನಿಂತಿದ್ದ. ಅವರು ಕೊಡುತ್ತಾ ಹೋದರು, ಇವನು ಕುಡಿಯುತ್ತಾ ಹೋದ. ಮಾತು ಶುರುವಾಗಿ ಸ್ವಲ್ಪ ಹೊತ್ತಿಗೆ ಅವನ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಡದಾಯಿತು. ಖಾನನಿಗೂ ಅಮಲು ಏರಿದಂತೆ ಕಂಡಿತು. ಎರಡು ವರ್ಷದ ಪ್ರಯಾಣದ ಮುಖ್ಯ ಮಾತುಕತೆ ಹೀಗೆ ಮುಗಿಯಿತು. ಅಲ್ಲಿಂದ ಮುಂದೆ ಖಾನ್ ಏನು ಹೇಳಿದ ಎನ್ನುವುದನ್ನು ರುಬ್ರುಕ್ ಊಹಿಸಿ ತುಂಬಲಿಲ್ಲ. ಅರ್ಥವಾಗಲಿಲ್ಲ ಎಂದೇ ಬರೆದ. ಸುಳ್ಳು ಬರೆಯುವವನು ಇಂಥ ಕಡೆ ಖಾಲಿ ಬಿಡುತ್ತಾನಾ?

ಆ ಬೀಡಿನಲ್ಲಿ ಅವನ ಭಾಷೆ ಬಲ್ಲವರೂ ಇದ್ದರು. ಎಲ್ಲರೂ ಸೆರೆಯಾಗಿ ಬಂದವರು. ಲೊರೇನ್‌ನ ಮೆಟ್ಸ್ ಊರಿನ ಪಾಕೆಟ್ ಎಂಬ ಹೆಂಗಸು ಹಂಗೇರಿಯಲ್ಲಿ ಸಿಕ್ಕಿಬಿದ್ದಿದ್ದಳು. ಬೀಡಿಗೆ ಬರುವ ಮೊದಲು ಪಟ್ಟ ಪಾಡು ಹೇಳತೀರದು. ಈಗ ಮನೆ ಕಟ್ಟುವ ಕಸುಬಿನ ರಷ್ಯದ ಹುಡುಗನನ್ನು ಮದುವೆಯಾಗಿದ್ದಳು, ಮೂವರು ಪುಟ್ಟ ಗಂಡುಮಕ್ಕಳು. ತನ್ನ ಕೈಲಾದಷ್ಟು ಅಡುಗೆ ಮಾಡಿ ಬಡಿಸಿದಳು. ಪ್ಯಾರಿಸ್ಸಿನ ಅಕ್ಕಸಾಲಿಗ ಗಿಯೋಮ್ ಬೂಷೆಯ ಸುದ್ದಿ ಕೊಟ್ಟವಳೂ ಅವಳೇ. ಕಾರಕೋರಂ ಅರಮನೆಯ ಬಾಗಿಲಲ್ಲಿ ಬೂಷೆ ಮಾಡಿದ ಬೆಳ್ಳಿಯ ಮರ ನಿಂತಿತ್ತು. ಬುಡದಲ್ಲಿ ನಾಲ್ಕು ಬೆಳ್ಳಿ ಸಿಂಹ. ಮರದೊಳಗಿನ ಕೊಳವೆಗಳಿಂದ ನಾಲ್ಕು ಬಗೆಯ ಪಾನೀಯ ಸುರಿಯುತ್ತಿತ್ತು. ತುದಿಯಲ್ಲಿ ಕಹಳೆ ಹಿಡಿದ ದೇವದೂತ. ಕಹಳೆ ಊದಿಸಲು ಮೊದಲು ತಿದಿ ಇಟ್ಟರಂತೆ, ಗಾಳಿ ಸಾಲಲಿಲ್ಲವಂತೆ. ಕೊನೆಗೆ ಕೆಳಗಿನ ಗುಹೆಯಲ್ಲಿ ಒಬ್ಬ ಮನುಷ್ಯನನ್ನೇ ಅಡಗಿಸಿ ಊದಿಸುತ್ತಿದ್ದರು. ಅಷ್ಟು ವೈಭವ ಕಂಡವನು ಊರಿನ ಬಗ್ಗೆ ಮಾತ್ರ ಉತ್ಪ್ರೇಕ್ಷೆ ಮಾಡಲಿಲ್ಲ. ಅರಮನೆ ಬಿಟ್ಟರೆ ಕಾರಕೋರಂ ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಷ್ಟೂ ಇಲ್ಲ ಎಂದ. 12 ದೇವಾಲಯ, ಎರಡು ಮಸೀದಿ, ಒಂದು ಇಗರ್ಜಿ ಎಣಿಸಿದ. ಪೂರ್ವದ ಬಾಗಿಲಲ್ಲಿ ಧಾನ್ಯ, ಪಶ್ಚಿಮದಲ್ಲಿ ಕುರಿ ಮೇಕೆ, ದಕ್ಷಿಣದಲ್ಲಿ ಎತ್ತು ಗಾಡಿ, ಉತ್ತರದಲ್ಲಿ ಕುದುರೆ ಮಾರುತ್ತಾರೆ ಎಂದು ಬರೆದಿಟ್ಟ.

ನಮ್ಮ ದೇಶವೂ ಒಂದು ಕ್ಷಣ ಅಲ್ಲಿ ಕಾಣುತ್ತದೆ. ಭಾರತದ ಒಬ್ಬ ಸುಲ್ತಾನನ ರಾಯಭಾರಿ ಅಲ್ಲಿಗೆ ಬಂದಿದ್ದ. ಜೊತೆಗೆ ಎಂಟು ಚಿರತೆ, ಹತ್ತು ಬೇಟೆನಾಯಿ. ಚಿರತೆಗಳ ಹಾಗೇ ಕುದುರೆಯ ಬೆನ್ನಿನ ಮೇಲೆ ಕೂರಲು ನಾಯಿಗಳಿಗೂ ಕಲಿಸಿದ್ದರು. ಭಾರತ ಯಾವ ದಿಕ್ಕಿಗಿದೆ ಅಂತ ರುಬ್ರುಕ್ ಕೇಳಿದರೆ ಪಶ್ಚಿಮಕ್ಕೆ ಕೈ ತೋರಿಸಿದರು. ಮಂಗೋಲಿಯಾದಿಂದ ಭಾರತ ಪಶ್ಚಿಮಕ್ಕಾ ಅಂತ ಅನುಮಾನ ಬರಬಹುದು, ಅಲ್ವಾ? ಆದರೆ ರುಬ್ರುಕ್ ಹಿಂದಿರುಗುವಾಗ ಆ ರಾಯಭಾರಿಗಳ ಜೊತೆ ಮೂರು ವಾರ ಪಶ್ಚಿಮಕ್ಕೇ ಪ್ರಯಾಣ ಮಾಡಿದ. ನೇರ ದಕ್ಷಿಣಕ್ಕೆ ಮರುಭೂಮಿ, ಟಿಬೆಟ್ಟಿನ ಬೆಟ್ಟ. ಹೋಗುವ ದಾರಿ ಪಶ್ಚಿಮದ ಸುತ್ತು. ಕೇಳಿದ್ದನ್ನು ನಡೆದು ನೋಡಿ ಖಾತ್ರಿ ಮಾಡಿಕೊಂಡ.

1254ರ ಮೇ 30ರಂದು ಖಾನನ ಅಪ್ಪಣೆಯಂತೆ ಕ್ರೈಸ್ತರು, ಮುಸ್ಲಿಮರು, ಬೌದ್ಧರು ಎದುರುಬದುರು ಕೂತು ವಾದ ಮಾಡಿದರು. ಬೈದಾಡಿದರೆ ಸಾವಿನ ಶಿಕ್ಷೆ ಎಂದು ಮೊದಲೇ ಸಾರಿದ್ದರು. ಈ ಸಲ ರುಬ್ರುಕ್‌ಗೆ ಬೂಷೆಯ ಸಾಕುಮಗ ದುಭಾಷಿಯಾಗಿದ್ದ. ಒಳ್ಳೆಯ ದುಭಾಷಿ ಸಿಕ್ಕ ಕೂಡಲೇ ಬರವಣಿಗೆ ಎಷ್ಟು ತುಂಬಿಕೊಳ್ಳುತ್ತದೆ ನೋಡಿ. ಯಾರು ಏನು ಕೇಳಿದರು, ಯಾರು ಉತ್ತರ ಕೊಡದೆ ಸುಮ್ಮನಾದರು, ಎಲ್ಲ ಇದೆ. ತಾನೇ ಗೆದ್ದೆ ಎನ್ನುವ ಹಾಗೆ ಬರೆದಿದ್ದಾನೆ, ಅಲ್ಲಿ ನಾವು ಸ್ವಲ್ಪ ಎಚ್ಚರದಿಂದ ಓದಬೇಕು. ಆದರೆ ಎಲ್ಲರೂ ಕೇಳಿಸಿಕೊಂಡರೂ ಒಬ್ಬನೂ ‘ನಾನು ಕ್ರೈಸ್ತನಾಗುತ್ತೇನೆ’ ಅನ್ನಲಿಲ್ಲ, ಕೊನೆಗೆ ಎಲ್ಲರೂ ಸೇರಿ ಚೆನ್ನಾಗಿ ಕುಡಿದರು ಎನ್ನುವುದನ್ನೂ ಅವನೇ ಬರೆದಿದ್ದಾನೆ. ಅಷ್ಟು ದೂರ ಹೋಗಿ ಅವನು ದೀಕ್ಷೆ ಕೊಟ್ಟದ್ದು ಒಟ್ಟು ಆರು ಜನರಿಗೆ. ಆ ಲೆಕ್ಕವನ್ನೂ ಬಚ್ಚಿಡಲಿಲ್ಲ.

ಪತ್ರದ ಕೊನೆಯಲ್ಲಿ ದೊರೆಗೆ ಒಂದು ಸಲಹೆ ಕೊಡುತ್ತಾನೆ. ನನ್ನಂಥ ಬಡ ಸನ್ಯಾಸಿಗಳನ್ನು ಇನ್ನು ಅಲ್ಲಿಗೆ ಕಳಿಸುವುದರಿಂದ ಪ್ರಯೋಜನವಿಲ್ಲ. ಪೋಪ್ ಒಬ್ಬ ಬಿಷಪ್‌ನನ್ನು ಮರ್ಯಾದೆಯಿಂದ ಕಳಿಸಿದರೆ ಮಂಗೋಲರು ಅವನ ಮಾತು ಕೇಳಿಯಾರು. ಆದರೆ ಅವನಿಗೆ ಒಬ್ಬ ಒಳ್ಳೆಯ ದುಭಾಷಿ ಬೇಕು, ಒಬ್ಬನಲ್ಲ, ಹಲವರು ಬೇಕು, ಖರ್ಚಿಗೆ ಸಾಕಷ್ಟು ಹಣವೂ ಬೇಕು.